ಅಗಸಿ ದಾಟಿ ಎರೆಹೊಲಕ್ಕೆ

“ಗೋಳಗುಮ್ಮಟ, ಜುಮ್ಮಾ ಮಸೀದಿ, ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪು, ಉಪ್ಪಲಿ ಬುರುಜು, ಕೊನೆಗೆ ಇಬ್ರಾಹಿಂ ರೋಜಾ. ನಾಲ್ಕು ಗಂಟೆಯಲ್ಲಿ ಎಲ್ಲ ತೋರಿಸಿ ತಂದು ಬಿಡ್ತೀನಿ ಅಂತ ಸ್ಟೇಷನ್ನಿನ ಆಟೋದವರು ಹೇಳಿದ್ರು.”

“ತೋರಸ್ತಾರ್ರಿ, ಸುಳ್ಳಲ್ಲ. ಆರು ಕಡಿ ಇಳಿಸಿ ಆರು ಕಡಿ ಹತ್ತಿಸ್ಕೊಂಡ್ರ ಆತು. ಆದ್ರ ಆ ಆರರ ನಡುವ ಏನೈತಿ ಅನ್ನೂದು ಕಾಣೂದಿಲ್ಲ. ಬಿಜಾಪುರದಾಗ ನಡುವ ಇರೂದ ಹೆಚ್ಚು.”

“ಅದಕ್ಕೇ ಆಟೋ ಬೇಡ ಅಂದೆ. ಮೈಸೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಸೈಕಲ್ಲನ್ನೂ ಲಗೇಜಿಗೆ ಹಾಕಿಸಿಕೊಂಡು ಬಂದಿದ್ದೀನಿ. ನಮ್ಮ ಕಡೆ ಎಲ್ಲಿಗೆ ಹೊರಟರೂ ಒಂದು ಏರು ಸಿಕ್ಕೇ ಸಿಗುತ್ತೆ. ಇಲ್ಲಿ ಕಣ್ಣು ಹಾಯಿಸಿದಷ್ಟೂ ಬಯಲು.”

“ಬಡದ ರೊಟ್ಟಿಯಂಗ ಸಪಾಟ ಐತಿ ಅಂತ ನಾವೂ ಹೇಳ್ಕೋತೀವಿ. ಸೈಕಲ್ ಹತ್ತಿದ ಮ್ಯಾಲ ಅದು ಅರ್ಧಾ ಖರೆ, ಅರ್ಧಾ ಸುಳ್ಳು ಅಂತ ತಿಳೀತೈತಿ. ಮದಲ ಗಾಳಿ ನೋಡ್ಕೊಳ್ರಿ. ಟಯರ್ ಇಷ್ಟ ಬಿಗಿ ಬ್ಯಾಡ, ಹಾದಿ ತುಂಬ ಕಲ್ಲು. ಮಣಿಕಟ್ಟು ನೋವು ಹತ್ತಿದ್ರ ಸಂಜಿತನಕ ಬಿಡೂದಿಲ್ಲ.”

“ನಿಮ್ಮದು ರಾಡ್ ಬ್ರೇಕಿನ ಸೈಕಲ್! ಇನ್ನೂ ಓಡ್ತಿದೆಯಾ?”

“ಅಟ್ಲಾಸ್ ರೀ, ಇಪ್ಪತ್ತೆರಡು ಇಂಚು. ಅವರ ಸಾಹಿಬಾಬಾದ್ ಕಾರ್ಖಾನಿ ಬಾಗಲಾ ಹಾಕಿದ್ದು 2020ರ ಜೂನ್ 3ಕ್ಕ, ವಿಶ್ವ ಸೈಕಲ್ ದಿನದ ದಿನಾನ. ಕಾರ್ಖಾನಿ ಹೋತು, ಸೈಕಲ್ ಉಳೀತು. ಕ್ಯಾರಿಯರ್ ಮ್ಯಾಲ ಜ್ವಾಳದ ಚೀಲ ಹೇರಿಕೊಂಡು ಬಂದೀನಿ, ಹೆಂಡತೀನ ಕೂಡ್ರಿಸ್ಕೊಂಡು ಸಿದ್ದೇಶ್ವರನ ಜಾತ್ರಿಗೆ ಹೋಗೀನಿ. ನಿಮ್ಮ ಸೈಕಲ್ಲಿಗೆ ಎಷ್ಟ ಗೇರು ಅದಾವ?”

“ಇಪ್ಪತ್ತೊಂದು.”

“ಎರಡ ಸಾಕು ಇಲ್ಲೆ. ಗಾಳಿ ಎದರು ಬಂದಾಗ ಒಂದು, ಬೆನ್ನಿಗೆ ಬಂದಾಗ ಒಂದು. ಮುಂಗಾರಿನಾಗ ಗಾಳಿ ಪಶ್ಚಿಮದಿಂದ ಬೀಸ್ತೈತಿ. ಊರ ಪಶ್ಚಿಮಕ್ಕಿರೂ ತೊರವಿಗೆ ಹೋಗೂಮುಂದ ಹಲ್ಲು ಕಚ್ಚಿ ತುಳೀಬೇಕು, ಬರೂಮುಂದ ಪೆಡಲ್ ಮ್ಯಾಲ ಕಾಲು ಇಟ್ಟಕೊಂಡು ಕುಂತ್ರ ಗುಮ್ಮಟದ ಬುಡಕ್ಕ ಬಂದು ನಿಂದರ್ತೀರಿ. ಅಡ್ಡ ಒಂದು ಗುಡ್ಡ ಇಲ್ಲ, ಗಿಡಾನೂ ಕಡಿಮಿ. ತಡಿಯೂರು ಯಾರು?”

“ಸರಿ. ಗುಮ್ಮಟದಿಂದಲೇ ಶುರು ಮಾಡೋಣವಾ?”

“ಎಲ್ಲಾರೂ ಅಲ್ಲಿಂದನ ಶುರು ಮಾಡ್ತಾರ. ನಾವು ಗ್ವಾಡಿಯಿಂದ ಶುರು ಮಾಡೂಣು. ಊರ ಸುತ್ತಿನ ಕ್ವಾಟಿ ಗ್ವಾಡಿ ಹತ್ತ ಕಿಲೋಮೀಟರ್ ಹತ್ರ ಐತಿ. 96 ಬುರುಜು, ಐದು ದೊಡ್ಡ ಅಗಸಿ. ಪಶ್ಚಿಮಕ್ಕ ಮೆಕ್ಕಾ, ವಾಯವ್ಯಕ್ಕ ಶಹಾಪುರ, ಉತ್ತರಕ್ಕ ಬಹಮನಿ, ಪೂರ್ವಕ್ಕ ಅಲ್ಲಾಪುರ, ಆಗ್ನೇಯಕ್ಕ ಫತೇ. ಈ ಫತೇ ಅಗಸಿ ಮದಲ ಮನಗೂಳಿ ಅಗಸಿ ಇತ್ತು. 1686ರಾಗ ಔರಂಗಜೇಬ ಗೆದ್ದು ಒಳಗ ಬಂದಮ್ಯಾಲ ಹೆಸರು ಬದಲಾತು.”

“ಗೋಡೆ ಕಟ್ಟಿದ್ದು 1565ರ ಯುದ್ಧದ ನಂತರ ಅಲ್ವಾ?”

“ಹೌದು. ರಕ್ಕಸಗಿ-ತಂಗಡಗಿ ಕಾಳಗ ಆದಮ್ಯಾಲ ಒಂದನೇ ಅಲಿ ಆದಿಲ್‌ಶಾಹ ಪೂರ್ತಿ ಮಾಡಿಸಿದ. ಒಬ್ಬೊಬ್ಬ ಸರದಾರಗ ಒಂದೊಂದು ತುಂಡು ಹಂಚಿಕೊಟ್ಟಿದ್ದ ಅಂತಾರ. ಕಾರಿನಾಗ ಕುಂತು ಆ ಮಾತು ಕೇಳಿದ್ರ ಹೂಂ ಅಂದು ಮರೀತೀರಿ. ಸೈಕಲ್ ಮ್ಯಾಲ ಬುರುಜಿಂದ ಬುರುಜಿಗೆ ಹೋಗ್ರಿ. ಒಂದರ ಕಲ್ಲು ಗೆರಿ ಕೊರದಂಗ ಕೂಡಿಸ್ಯಾರ, ಅದರ ಬಾಜೂದ್ದು ಅಡ್ಡಾದಿಡ್ಡಿ. ಒಂದು ದುಂಡಗ, ಇನ್ನೊಂದು ಮೂಲಿ ಮೂಲಿ. ಯಾವ ಸರದಾರ ಕೈ ಬಿಚ್ಚಿ ರೊಕ್ಕ ಹಾಕ್ಯಾನ, ಯಾವಾಂವ ಲೆಕ್ಕ ತೋರಿಸಿ ಉಳಿಸ್ಕೊಂಡಾನ ಅಂತ ಕಲ್ಲ ಹೇಳ್ತಾವ.”

“ಕಂದಕದಲ್ಲಿ ಕಸ ಸುರಿದಿದ್ದಾರೆ. ಕೆಲವು ಕಡೆ ಗೋಡೆಗೇ ಒರಗಿಸಿ ಮನೆ ಕಟ್ಟಿಕೊಂಡಿದ್ದಾರೆ. ಪ್ರವಾಸಿ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ.”

“ಪುಸ್ತಕ ಬರೆಯೂರು ಇತ್ತಾಗ ಬಂದಿರೂದಿಲ್ಲ. ಗ್ವಾಡಿ ಒಡದ ಜಾಗಾದಾಗ ರಸ್ತಾ ಮಾಡ್ಯಾರ, ಎಮ್ಮಿ ಕಟ್ಯಾರ, ಬುರುಜಿನ ಮ್ಯಾಲ ಹುಡುಗರು ಕ್ರಿಕೆಟ್ ಆಡ್ತಾರ. ಕಸ ನೋಡಿ ನನಗೂ ಹೊಟ್ಟಿ ಉರೀತೈತಿ. ಎಮ್ಮಿ ನೋಡಿ ಉರಿಯೂದಿಲ್ಲ. ಈ ಊರಾಗ ಹಳೇದನ್ನ ಬಳಸೂದು ಹೊಸ ಚಾಳಿ ಅಲ್ರಿ. 1885ರಾಗ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಇಂಗ್ಲಿಷರ ಸರಕಾರನೂ ಅರಕಿಲ್ಲೆಯೊಳಗಿನ ಅರಮನಿಗಳನ್ನ ಕಚೇರಿ ಮಾಡ್ಕೊಂಡಿತ್ತು. ಅವರು ಗುಮಾಸ್ತರನ್ನ ಕೂಡ್ರಿಸಿದ್ರು, ಇವರು ಎಮ್ಮಿ ಕಟ್ಯಾರ.”

“ಅಲ್ಲಿ ನೋಡಿ, ಮತ್ತೆ ಗುಮ್ಮಟ. ಅರ್ಧ ಗಂಟೆಯಿಂದ ಸುತ್ತುತ್ತಿದ್ದೀವಿ, ಬೆನ್ನು ಬಿಡ್ತಾನೇ ಇಲ್ಲ. ಆದರೆ ಎಷ್ಟು ದೂರ ಇದೆ ಅಂತ ಅಂದಾಜೇ ಸಿಗಲ್ಲ.”

“ಅಂದಾಜು ಸಿಗಬಾರದು ಅಂತನ ಕಟ್ಟಿಸ್ಯಾನ. ಮಹಮ್ಮದ್ ಆದಿಲ್‌ಶಾಹ, 1656ರಾಗ ತೀರಿಕೊಂಡಾಂವ. ಗುಮ್ಮಟದ ಹೊರ ಅಡ್ಡಳತಿ 44 ಮೀಟರ್, ಒಳಗ ಒಂದ ಕಂಬ ಇಲ್ಲ. ಎಂಟು ಕಮಾನು ಒಂದರೊಳಗೊಂದು ಹಾಯ್ದು ಆ ಭಾರ ಹೊತ್ತಾವ. ಇದರಾಗ ಒಂದು ಮಜಾ ಐತಿ. ಹತ್ರ ಹೋದಂಗ ಗುಮ್ಮಟ ಸಣ್ಣದಾಗ್ತೈತಿ. ಗೇಟಿನಾಗ ನಿಂತ್ರ ಎದರಿಗೆ ನಕ್ಕಾರಖಾನಿ ಅಡ್ಡ ಬರ್ತೈತಿ. ಅದನ್ನ ದಾಟಿ ಬುಡಕ್ಕ ಹೋದ್ರ ಗ್ವಾಡಿ ಅಷ್ಟ ಕಾಣ್ತೈತಿ. ಪೂರಾ ಗುಮ್ಮಟ ನೋಡಬೇಕಂದ್ರ ಐದಾರು ಕಿಲೋಮೀಟರ್ ಹೊರಗ, ಜ್ವಾಳದ ಹೊಲದಾಗ ನಿಂದರಬೇಕು. ರೈತರಿಗೆ ಕಾಣ್ಲಿ, ಸೋಲಾಪುರ ಹಾದಿಯಿಂದ ಬರೂ ಸೈನ್ಯಕ್ಕ ಕಾಣ್ಲಿ ಅಂತ ಮಾಡಿದ್ದದು. ಟಿಕೀಟು ತಗೊಂಡು ಒಳಗ ಬರೂರಿಗೆ ಅಂತ ಮಾಡಿದ್ದಲ್ಲ.”

“ಪಿಸುಮಾತಿನ ಗ್ಯಾಲರಿ?”

“ಮುಂಜಾನಿ ಬಾಗಲಾ ತೆಗೆದ ಕೂಡಲೇ ಹೋಗ್ರಿ. ಸಾಲಿ ಮಕ್ಕಳ ಬಸ್ಸು ಬಂದಮ್ಯಾಲ ಅಲ್ಲಿ ಪಿಸುಮಾತೂ ಇಲ್ಲ, ಮಾತೂ ಇಲ್ಲ, ಬರೀ ಸಿಳ್ಳು.”

“ಇದೇನಿದು, ಕಾಲು ಭಾರ ಆಗ್ತಿದೆ? ರಸ್ತೆ ಚಪ್ಪಟೆ ಕಾಣ್ತಿದೆಯಲ್ಲ.”

“ಈಗ ಬಂದ್ರಿ ನೋಡ್ರಿ ದಾರಿಗೆ. ನಾವು ಪೂರ್ವದಿಂದ ಪಶ್ಚಿಮಕ್ಕ ಹೊಂಟೀವಿ. ಗುಮ್ಮಟದ ಕಡಿ ನೆಲ ತಗ್ಗು, ಉಪ್ಪಲಿ ಬುರುಜಿನ ಕಡಿ ಎತ್ತರ. ಕಣ್ಣಿಗೆ ಕಾಣೂದಿಲ್ಲ, ಮೊಣಕಾಲಿಗೆ ಗೊತ್ತಾಗ್ತೈತಿ. ಹೈದರ್ ಖಾನ್ ಅನ್ನೂ ಸರದಾರ 1584ರಾಗ ಆ ಬುರುಜನ್ನ ಅಲ್ಲೆ ಯಾಕ ಕಟ್ಟಿದ? ಕ್ವಾಟಿಯೊಳಗ ಇದ್ದದ್ದರಾಗ ಎತ್ತರದ ಜಾಗ ಅದು. ಹೊರಗಿನಿಂದ ಸುತ್ತಿಕೊಂಡು ಮೆಟ್ಟಿಲು ಹತ್ತಿ ಹೋದ್ರ ಮ್ಯಾಲ ಎರಡು ಉದ್ದನ್ನ ತೋಫು ಮಲಗ್ಯಾವ, ಒಂದು ಒಂಬತ್ತು ಮೀಟರಿನದು. ಸೈಕಲ್ ಕೆಳಗ ಬಿಡ್ರಿ, ಕೀಲಿ ಮರೀಬ್ಯಾಡ್ರಿ.”

“ಮಲಿಕ್-ಎ-ಮೈದಾನ್ ಪಕ್ಕದಲ್ಲೇ ಇದೆ ಅಲ್ವಾ? ಆ ಸಿಂಹದ ಬಾಯಿ?”

“ಸಿಂಹದ ಬಾಯಾಗ ಆನಿ. 1549ರಾಗ ಅಹಮದನಗರದಾಗ ಎರಕ ಹೊಯ್ದದ್ದು, 55 ಟನ್ ತೂಕ ಅಂತಾರ. ಆ ಕಾಲದಾಗ ಅದನ್ನ ಎತ್ತು, ಆನಿ ಹಚ್ಚಿ ಎಳಕೊಂಡು ಬಂದ್ರು. 1854ರಾಗ ಇಂಗ್ಲಿಷರು ಹಳೇ ಸಾಮಾನು ಅಂತ ಲಿಲಾವಿಗೆ ಇಟ್ರು. 150 ರೂಪಾಯಿಗೆ ಹೋತು.”

“ನೂರೈವತ್ತಕ್ಕೆ?”

“ಮ್ಯಾಲಿನ ಸಾಹೇಬಗ ನಾಚಿಕಿ ಬಂದಿರಬೇಕು, ವ್ಯಾಪಾರ ರದ್ದು ಮಾಡಿದ. ಇಲ್ಲದಿದ್ರ ಯಾರದರ ಮನಿ ಕೊಡ, ತಂಬಿಗಿ ಆಗಿ ಹೋಗ್ತಿತ್ತು. ಮುಟ್ಟಿ ನೋಡ್ರಿ. ಈಗ ತಣ್ಣಗ ಐತಿ. ಮಧ್ಯಾಹ್ನ ಬಿಸಲಾಗ ಕೈ ಇಟ್ರ ತಗೀತೀರಿ.”

“ಇಲ್ಲಿಂದ ಮುಂದೆ ಎಲ್ಲಿಗೆ?”

“ನೀರಿನ ಹಿಂದ ಹೋಗೂಣು. ಬಿಜಾಪುರದ ಗುಟ್ಟು ಗುಮ್ಮಟದಾಗಿಲ್ಲ, ನೀರಿನಾಗೈತಿ. ಈ ಊರಿಗೆ ನದಿ ಇಲ್ಲ. ಕೃಷ್ಣಾ ದೂರ, ಭೀಮಾ ದೂರ, ಹತ್ರದ ಡೋಣಿ ನೀರು ಉಪ್ಪುಪ್ಪು. ಆದ್ರೂ ಎರಡು ನೂರು ವರ್ಷ ರಾಜಧಾನಿ ನಡೀತು. ಹ್ಯಾಂಗ?”

“ಬಾವಡಿಗಳಿಂದ? ಮೆಕ್ಕಾ ದ್ವಾರದ ಹತ್ತಿರ ತಾಜ್ ಬಾವಡಿ ನೋಡಿದೆ. ಅದು ಬಾವಿ ಅಲ್ಲ, ಕೆರೆಯಷ್ಟಿದೆ.”

“ತಾಜ್ ಬಾವಡಿ 1620ರ ಸುಮಾರಿಂದು. ಅಂಥಾವು ಊರ ತುಂಬ ಇದ್ದುವು. ಆದ್ರ ಬಾವಡಿ ಒಂದ ಸಾಲದು. ಪಶ್ಚಿಮಕ್ಕ ತೊರವಿ ಕಡಿ ನೆಲ ಊರಿಗಿಂತ ಎತ್ತರ ಐತಿ, ಆಗ ನಿಮ್ಮ ಮೊಣಕಾಲು ಹೇಳಿತಲ್ಲ, ಅದ ಏರು. ಅಲ್ಲೆ ನೆಲದೊಳಗ ಸುರಂಗ ಕೊರದ್ರು, ಕರೇಜ್ ಅಂತ. ಒಸರಿದ ನೀರು ಕೂಡಿ ತಾನ ತಾನಾಗಿ ಊರ ಕಡಿ ಹರೀಬೇಕು. ಪಂಪಿಲ್ಲ, ರಾಟಿ ಇಲ್ಲ, ಇಳಿಜಾರು ಅಷ್ಟ. ಇಳಿಜಾರು ಹೆಚ್ಚಾದ್ರ ಸುರಂಗ ಕೊರೀತೈತಿ, ಕಡಿಮಿ ಆದ್ರ ನೀರು ನಿಂದರ್ತೈತಿ. ನಡುನಡುವ ಬಾವಿಯಂಥಾ ಕಿಂಡಿ ಬಿಟ್ಟಾರ, ಗಾಳಿ ಆಡಾಕ, ಇಳದು ಹೂಳು ತೆಗಿಯಾಕ. ಅಲ್ಲೆ ಹೊಲದಾಗ ಸೈಕಲ್ ಹುಷಾರಿ. ಕಿಂಡಿ ಬಾಯಿ ಹುಲ್ಲಿನಾಗ ಮುಚ್ಚಿರ್ತೈತಿ.”

“ರಸ್ತೆ ಬದಿಯಲ್ಲಿ ಆ ಚೌಕಾಕಾರದ ಗೋಪುರ ಏನು? ಬಾಗಿಲಿಲ್ಲ, ಕಿಟಕಿಯಿಲ್ಲ. ನಾನು ಹೊಗೆಗೂಡು ಅಂದುಕೊಂಡೆ.”

“ಗಂಜ್. ಅದೂ ನೀರಿಂದ. ದಕ್ಷಿಣಕ್ಕ ಬೇಗಂ ತಲಾಬ್ ಐತಿ, 1651ರಾಗ ಕಟ್ಟಿಸಿದ್ದು. ಅಲ್ಲಿಂದ ಮಣ್ಣಿನ ಕೊಳವಿ ಹಾಕಿ ಊರಿಗೆ ನೀರು ತಂದ್ರು. ದೂರದಿಂದ ಬಂದ ನೀರಿನ ಒತ್ತಡಕ್ಕ ಮಣ್ಣಿನ ಕೊಳವಿ ಒಡೀತಾವ. ಅದಕ್ಕ ಅಲ್ಲಲ್ಲೆ ಈ ಗೋಪುರ. ನೀರು ಇದರಾಗ ಏರಬೇಕು, ಉಸಿರು ಬಿಟ್ಟು ಮುಂದಿನ ಕೊಳವಿಗೆ ಇಳೀಬೇಕು. ಮಣ್ಣು ತಳದಾಗ ಕೂಡ್ತೈತಿ. ಬರ್ರಿ, ಇಲ್ಲೆ ಗಟಾರ ತೋಡಿದಲ್ಲೆ ಒಂದು ತುಂಡು ತೋರಸ್ತೀನಿ.”

“ಇದಾ? ಕೈ ಹಾಕಬಹುದಾ?”

“ಹಾಕ್ರಿ. ಸುಟ್ಟ ಮಣ್ಣಿನ ಕೊಳವಿ, ಒಂದರ ಸಣ್ಣ ತುದಿ ಮುಂದಿನದರ ದೊಡ್ಡ ಬಾಯಾಗ ಕೂಡಿಸ್ಯಾರ. ಸುತ್ತ ಇಷ್ಟ ದಪ್ಪ ಗಚ್ಚು. ಒಳಗ ಬೆಳ್ಳಗ ಗಡಸು ಪದರು ಹತ್ತಿದಂಗ ಐತಲ್ಲ? ನಿಮ್ಮ ಮನಿ ಚಾ ಪಾತೇಲಿ ತಳದಾಗ ಹತ್ತೂ ಸುಣ್ಣ ಅದು. ಯಾವ ಅರಮನಿ ನೋಡಿದಾಗೂ ಆಗದ ಸಂತೋಷ ನನಗ ಇದನ್ನ ನೋಡಿದಾಗ ಆಗ್ತೈತಿ.”

“ಇದನ್ನೆಲ್ಲ ಯಾರಾದರೂ ದಾಖಲಿಸಿದ್ದಾರಾ?”

“ಹೆನ್ರಿ ಕೌಸೆನ್ಸ್ ಅನ್ನಾಂವ ಬಿಜಾಪುರದ ಕಟ್ಟಡಗಳ ಮ್ಯಾಲ ದೊಡ್ಡ ಪುಸ್ತಕ ಮಾಡಿದ, 1916ರಾಗ ಅಚ್ಚಾತು. ಅದರಾಗ ನೀರಿನ ಕೆಲಸಕ್ಕೂ ಜಾಗ ಕೊಟ್ಟಾನ. ನಮ್ಮೋರು ಕೊಡೂದು ಗುಮ್ಮಟಕ್ಕ ಅಷ್ಟ. ಗೈಡುಗಳನ್ನ ಕೇಳ್ರಿ, ಗಂಜ್ ಎಲ್ಲೈತಿ ಅಂದ್ರ ಧಾನ್ಯದ ಪ್ಯಾಟಿಗೆ ಕರಕೊಂಡು ಹೋಗ್ತಾರ.”

“ಇಬ್ರಾಹಿಂ ರೋಜಾ ಬಿಟ್ಟು ಹೋಗೋದು ಬೇಡ. ಅದು ಮಾತ್ರ ನನಗೆ ಆಟೋದಲ್ಲಿ ಬಂದರೂ ನೋಡಲೇಬೇಕು ಅನ್ನಿಸುವಂಥದ್ದು.”

“ಅದರಾಗ ನಮ್ಮಿಬ್ಬರದೂ ಒಂದ ಮಾತು. ಎರಡನೇ ಇಬ್ರಾಹಿಂ, 1627ರಾಗ ತೀರಿಕೊಂಡ. ಮಲಿಕ್ ಸಂದಲ್ ಅನ್ನಾಂವ ಕಟ್ಟಿಸಿದ್ದು. ಗುಮ್ಮಟದಾಗ ಬಲ ಐತಿ, ಇಲ್ಲೆ ಬೆರಳಿನ ಕೆಲಸ ಐತಿ. ಕಿಟಕಿ ಜಾಲರಿ ನೋಡ್ರಿ, ಕಲ್ಲಾಗ ಅಕ್ಷರ ಕಡದು ಅಕ್ಷರದ ಸಂದಿಯಿಂದ ಬೆಳಕು ಬಿಟ್ಟಾರ.”

“ನಾನು ಒಳಗಿನ ಚಾವಣಿ ನೋಡ್ತಾ ನಿಂತುಬಿಟ್ಟೆ. ಗೋರಿಯ ಕೋಣೆ ಸುಮಾರು 40 ಅಡಿ ಚೌಕ. ಮಧ್ಯದ ಚಾವಣಿ ನೇರ ಚಪ್ಪಟೆ. ತೊಲೆಯಿಲ್ಲ, ಕಮಾನಿಲ್ಲ. ಕಲ್ಲಿನ ಚಪ್ಪಡಿಗಳು ಅಂಚಿಗೆ ಅಂಚು ಕೂಡಿಸಿಕೊಂಡು ಗಾರೆಯ ಬಲದಲ್ಲೇ ನಿಂತಿವೆ. ಸಪಾಟು ಅಂದರೆ ಸುಲಭ ಅಂತ ತಿಳಿದವರು ಅದನ್ನ ನೋಡಬೇಕು.”

“ಖರೆ ಹೇಳಿದ್ರಿ. ಕಮಾನು ಕಟ್ಟೂದು ಎಲ್ಲಾರಿಗೂ ಬರ್ತಿತ್ತು ಆಗ.”

“ಈ ಇಬ್ರಾಹಿಮನೇ ಅಲ್ವಾ ‘ಕಿತಾಬ್-ಎ-ನವರಸ್’ ಬರೆದವನು? ಸರಸ್ವತಿಯನ್ನ, ಗಣಪತಿಯನ್ನ ನೆನೆದು ದಖ್ಖನಿಯಲ್ಲಿ ಹಾಡು ಕಟ್ಟಿದವನು.”

“ಅವನ. ಜಗದ್ಗುರು ಬಾದಶಹಾ ಅಂತ ಕರೀತಿದ್ರು. ತೊರವಿ ಬಾಜೂಕ ನವರಸಪುರ ಅಂತ ಹೊಸಾ ರಾಜಧಾನೀನ ಕಟ್ಟಾಕ ಹೊಂಟಿದ್ದ, 1599ರಾಗ. 1624ರಾಗ ಮಲಿಕ್ ಅಂಬರ್ ಬಂದು ಹಾಳು ಮಾಡಿದ. ಅಲ್ಲಿಗೆ ಮುಗೀತು. ಸಂಗೀತ ಮಹಲ್ ಕಮಾನು ಹೊಲದ ನಡುವ ನಿಂತೈತಿ. ಸುತ್ತ ಅರ್ಧ ಎದ್ದ ಗ್ವಾಡಿ, ಅದರೊಳಗ ತೊಗರಿ, ಜ್ವಾಳ.”

“ತೊರವಿ ಅಂದರೆ ಕುಮಾರ ವಾಲ್ಮೀಕಿಯ ಊರು. ‘ತೊರವೆ ರಾಮಾಯಣ’ದ ನರಹರಿ.”

“ಅಂವ ನೆನೆಯೂ ನರಸಿಂಹನ ಗುಡಿ ಇನ್ನೂ ಐತಿ, ನೆಲದೊಳಗ ಇಳದು ಹೋಗಬೇಕು. ಒಂದ ಹಾದಿ ಮ್ಯಾಲ ನರಸಿಂಹನ ಗುಡಿ, ಕನ್ನಡ ರಾಮಾಯಣ, ಬಾದಶಹಾನ ಸಂಗೀತದ ಮಹಲು, ಊರಿಗೆ ನೀರು ಕೊಟ್ಟ ಸುರಂಗ. ಈಗ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯನೂ ಅಲ್ಲೆ. ಬಿಜಾಪುರದಿಂದ ಅರ್ಧ ತಾಸಿನ ತುಳಿತ. ನಾಕು ಮಂದಿ ಪ್ರವಾಸಿಗರು ಇತ್ತ ಬಂದ್ರ ಹೆಚ್ಚು.”

“ದಾರಿಯಲ್ಲಿ ಸಾಠ್ ಕಬರ್ ಅಂತ ಒಂದು ಜಾಗ ಇದೆಯಂತೆ. ನನಗೆ ಹೋಗಲೋ ಬೇಡವೋ ಅನ್ನಿಸ್ತಿದೆ.”

“ಹೋಗಬೇಕು. ಅಫ್ಜಲಖಾನ 1659ರಾಗ ಶಿವಾಜಿ ಮ್ಯಾಲ ಹೋಗೂ ಮುಂಚೆ, ತಾ ತಿರುಗಿ ಬರೂದಿಲ್ಲಂತ ತಿಳದು ಹೆಂಡರನ್ನೆಲ್ಲ ಕೊಲ್ಲಿಸಿದ ಅನ್ನೂದು ಜನರ ಬಾಯಾಗಿನ ಕತಿ. ಖರೆ ಏನು ಅನ್ನೂದಕ್ಕ ಸಾಕ್ಷಿ ಹೇಳೂರು ಯಾರಿಲ್ಲ. ಗೋರಿ ಅದಾವ, ಸಾಲು ಹಿಡದು, ಒಂದ ಅಳತಿ, ಮ್ಯಾಲ ಹೆಸರಿಲ್ಲ. ಸೈಕಲ್ ದೂರ ನಿಲ್ಲಿಸಿ ನಡಕೊಂಡು ಹೋಗ್ರಿ. ಅಲ್ಲೆ ಸೆಲ್ಫಿ ಹಿಡಿಯೂ ಹುಡುಗರನ್ನ ಕಂಡ್ರ ನನಗ ಬೈಯೂದಷ್ಟ ಬರ್ತೈತಿ.”

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ಹೀಗೆ ಸೈಕಲ್ ಹೊಗಳೋದು ಸುಲಭ. ಇಲ್ಲಿಯವರಿಗೆ ಸೈಕಲ್ ಅಂದರೆ ಬಡತನ. ಕೈಯಲ್ಲಿ ನಾಲ್ಕು ಕಾಸು ಬಂದ ಕೂಡಲೇ ಮೋಟಾರ್ ಸೈಕಲ್ ತಗೊಂಡರು. ಅವರನ್ನ ತಪ್ಪು ಅನ್ನೋಕಾಗುತ್ತಾ?”

“ಅನ್ನೂದಿಲ್ಲ. ಏಪ್ರಿಲ್-ಮೇದಾಗ 40 ಡಿಗ್ರಿ ದಾಟೂ ಬಿಸಲಾಗ ಹೊಲಕ್ಕ ಸೈಕಲ್ ತುಳೀಲಿ ಅಂತ ಮೋಟಾರ್ ಇದ್ದಾಂವಗ ಹೇಳಾಕ ನಾ ಯಾರು? ಆದ್ರ ಬಡವರದ್ದು ಅಂತ ಬಿಟ್ಟ ಸೈಕಲ್ಲಿನ ಮ್ಯಾಲ ಈ ಜಿಲ್ಲಾದ ಹುಡುಗರು, ಹುಡುಗ್ಯಾರು ರಾಷ್ಟ್ರಮಟ್ಟದಾಗ ಪದಕ ತಂದಾರ. ಸರಕಾರದ ಸೈಕ್ಲಿಂಗ್ ಕ್ರೀಡಾ ವಸತಿ ನಿಲಯ ಇಲ್ಲೆ ಐತಿ. ಮುಂಜಾನಿ ಹೆದ್ದಾರಿ ಕಡಿ ಹೋಗ್ರಿ, ಸಾಲು ಹಿಡದು ಮಕ್ಕಳು ಪ್ರಾಕ್ಟೀಸ್ ಮಾಡ್ತಿರ್ತಾವ. ಅವರೇನು ಸಾಹುಕಾರರ ಮಕ್ಕಳಲ್ಲ. ರೈತರ ಮಕ್ಕಳು, ಕೂಲಿಯವರ ಮಕ್ಕಳು.”

“ಹಳ್ಳಿ ಹೆಣ್ಣುಮಕ್ಕಳು ಸೈಕಲ್ ಮೇಲೆ ಶಾಲೆಗೆ ಹೋಗೋದನ್ನ ದಾರಿಯಲ್ಲಿ ಕಂಡೆ. ನನ್ನ ಸೈಕಲ್ ಕಂಡು ಬೆನ್ನು ಹತ್ತಿದ್ರು. ನನ್ನ ಗೇರು ಗೇರೇ ಆಯ್ತು, ಅವರು ಮುಂದೆ ಹೋಗಿಬಿಟ್ರು.”

“2006-07ರಾಗ ಎಂಟನೇ ಇಯತ್ತೆ ಮಕ್ಕಳಿಗೆ ಸರಕಾರ ಸೈಕಲ್ ಕೊಡಾಕ ಶುರು ಮಾಡಿತ್ತು. ಅದು ಮಾಡಿದ ಕೆಲಸ ಇಂಥಾ ಸಪಾಟ ಸೀಮ್ಯಾಗ ದೊಡ್ಡದು. ಊರಾಗ ಏಳನೇತ್ತ ಮುಗಿಸಿದ ಹುಡುಗಿ, ಹೈಸ್ಕೂಲು ನಾಕು ಕಿಲೋಮೀಟರ್ ದೂರ ಅಂತ ಮನ್ಯಾಗ ಉಳೀತಿದ್ಳು. ಬಸ್ಸಿನ ದಾರಿ ಕಾಯೂದು ತಪ್ಪಿತು. ಆ ಯೋಜನೆ ನಿಂತದ್ದು ನನಗ ಸೇರಿಲ್ಲ. ಮೋಟಾರ್ ಸೈಕಲ್ ಮನಿಗೆ ಬಂದ್ರ ಅದು ಅಪ್ಪಂದು, ಅಣ್ಣಂದು. ಸೈಕಲ್ ಅಷ್ಟ ಆಕೀದು.”

“ಊರು ದಾಟಿದೆವು. ಈ ಕಪ್ಪು ನೆಲ ಎಲ್ಲಿವರೆಗೆ?”

“ಇದು ಡೋಣಿ ಸೀಮಿ. ಡೋಣಿ ಮಹಾರಾಷ್ಟ್ರದ ಜತ್ತ ಕಡಿ ಹುಟ್ಟಿ ಬಂದು ಕೃಷ್ಣೆಗೆ ಕೂಡ್ತೈತಿ. ಅದರ ಎರಡೂ ದಂಡಿಗೆ ಎರಿ ಭೂಮಿ, ಆಳಕ್ಕ ಹೋದಷ್ಟೂ ಕಪ್ಪು. ಹಿಂಗಾರಿ ಬಿಳಿಜ್ವಾಳ ಇಲ್ಲೀದು ಅಂದ್ರ ಮುಗೀತು, ರೊಟ್ಟಿ ಎರಡು ದಿನಾ ಮೆತ್ತಗ ಇರ್ತೈತಿ. ಸೆಪ್ಟೆಂಬರ್-ಅಕ್ಟೋಬರ್‌ದಾಗ ಬಿತ್ತಿದ್ರ ಆಮ್ಯಾಲ ಮಳಿ ಬರ್ಲಿ ಬಿಡ್ಲಿ, ನೆಲದಾಗಿನ ಹಸಿ ಮ್ಯಾಲ ಬೆಳೀತೈತಿ. ಜೊತಿಗೆ ಕಡ್ಲಿ, ಕುಸುಬಿ. ಫೆಬ್ರವರಿ-ಮಾರ್ಚಿಗೆ ಸುಗ್ಗಿ.”

“ಟಿಕೋಟಾ ಕಡೆ ಉದ್ದುದ್ದ ಶೆಡ್ ಕಂಡವು. ಹಸಿರು ಬಲೆ ಕಟ್ಟಿದ್ರು.”

“ಒಣದ್ರಾಕ್ಷಿ ಶೆಡ್. ಆ ಕಡಿ ದ್ರಾಕ್ಷಿ ಪಡ ಬಾಳ. ಕೃಷ್ಣಾ ನೀರು ಏತದ ಮ್ಯಾಲ ಕೆರಿಗೆ, ಕಾಲುವಿಗೆ ಬಂದಮ್ಯಾಲ ಸೀಮಿ ಬಣ್ಣನ ಬದಲಾಗೈತಿ. ನಿಮಗೂ ಲಾಭ ಐತಿ, ಕಾಲುವಿ ದಂಡಿ ಹಾದಿ ಸೈಕಲ್ಲಿಗೆ ಬೇಸ್. ಲಾರಿ ಇಲ್ಲ, ಏರಿಲ್ಲ. ಹೆದ್ದಾರಿಗೆ ಮಾತ್ರ ಹೋಗಬ್ಯಾಡ್ರಿ. 50 ಆಗ್ಲಿ 52 ಆಗ್ಲಿ, ಲಾರಿ ಗಾಳಿ ಹೊಡದ್ರ ಸೈಕಲ್ ಸಮೇತ ಗಟಾರಕ್ಕ ಹೋಗ್ತೀರಿ.”

“ಮಳೆ ಬಂದರೆ?”

“ಮಳಿ ಬಂದ್ರ ಇಳೀರಿ. ಎರಿ ಮಣ್ಣು ಹಸಿ ಆತಂದ್ರ ಟಯರಿಗೆ ಸುತ್ತತೈತಿ. ಹತ್ತ ಮಾರು ಹೋಗೂದ್ರಾಗ ಮಡ್‌ಗಾರ್ಡಿಗೂ ಟಯರಿಗೂ ನಡುವ ಬೆರಳು ಹೋಗದಂಗ ತುಂಬಿ ಚಕ್ರ ನಿಲ್ತೈತಿ. ಕಡ್ಡಿ ತಗೊಂಡು ಕೆತ್ತಬೇಕು, ಹತ್ತ ಮಾರು ತಳ್ಳಬೇಕು, ಮತ್ತ ಕೆತ್ತಬೇಕು. ಅದಕ್ಕ ಇಲ್ಲಿ ರೈತರು ಮಡ್‌ಗಾರ್ಡ್ ಬಿಚ್ಚಿ ಇಟ್ಟಿರ್ತಾರ. ಕಡೀಕ ಸೈಕಲ್ ಹೆಗಲ ಮ್ಯಾಲ ಹೊತ್ತು ಬರೂದ ಹಾದಿ. ಬ್ಯಾಸಿಗ್ಯಾಗ ಅದ ನೆಲ ಬಿರುಕು ಬಿಡ್ತೈತಿ, ಚಕ್ರ ಒಳಗ ಇಳಿಯೂವಷ್ಟು.”

“ಆಗಲೇ ಹಿಂದಿನ ಚಕ್ರ ಯಾಕೋ ಮೆತ್ತಗಾಗ್ತಿದೆ.”

“ಜಾಲಿ ಮುಳ್ಳು. ಹೊಲದ ಬೇಲಿ ಅಂದ್ರ ಜಾಲಿ. ಕಡದು ಒಗದ ಟೊಂಗಿ ಹಾದಿ ಮ್ಯಾಲ ಬಿದ್ದಿರ್ತಾವ. ಮುಳ್ಳು ಕೀಳಬ್ಯಾಡ್ರಿ ಈಗ, ಕಿತ್ರ ಒಮ್ಮಿಂದೊಮ್ಮೆ ಇಳೀತೈತಿ. ಹಂಗ ಆ ಬನ್ನಿ ಗಿಡದ ನೆಳ್ಳಿಗೆ ತಳ್ಳಿರಿ. ಟಯರ್ ಒಳಗ ಬೆರಳಾಡಿಸಿ ನೋಡಬೇಕು. ಒಂದು ಮುಳ್ಳು ಸಿಕ್ತಂದ್ರ ಎರಡನೇದು ಇದ್ದ ಇರ್ತೈತಿ, ಅದನ್ನ ಬಿಟ್ಟು ಟ್ಯೂಬ್ ಹಾಕಿದ್ರ ಅರ್ಧಾ ಮೈಲಿಗೆ ಮತ್ತ ಪಂಕ್ಚರು.”

“ಆ ಅಜ್ಜ ಕೈ ಮಾಡಿ ಕರೀತಿದ್ದಾರೆ. ಹೋಗೋಣವಾ?”

“ಹೋಗದಿದ್ರ ಸಿಟ್ಟಾಗ್ತಾರ. ಸೀತನಿ ಸುಡಾಕತ್ತಾರ ನೋಡ್ರಿ, ಹಾಲುಗಾಳಿನ ತೆನಿ ಕೆಂಡದಾಗ ಸುಟ್ಟು ಉಜ್ಜಿ ಕೊಡ್ತಾರ, ಜೊತಿಗೆ ಹಿಂಡಿ, ಬೆಲ್ಲ. ಕಾರು ನಿಲ್ಲಿಸಿ ಇಳದ್ರ ‘ಯಾ ಆಫೀಸಿನವ್ರು?’ ಅಂತ ಕೇಳ್ತಾರ. ಸೈಕಲ್ ಮ್ಯಾಲ ಬಂದ್ರ ‘ಉಂಡೀರೇನ?’ ಅಂತಾರ. ಎಳ್ಳ ಅಮಾಸಿಗೆ ಬಂದಿದ್ರ ಇನ್ನೂ ಚಲೋ ಇತ್ತು. ಆವತ್ತು ಊರಾಗ ಯಾರೂ ಇರೂದಿಲ್ಲ, ಹೊಲದಾಗ ಚರಗ ಚೆಲ್ಲಿ ಅಲ್ಲೇ ಊಟ. ಸಜ್ಜಿ ರೊಟ್ಟಿ, ಬರ್ತ, ಕಡಬು. ಹಾದೀಲೆ ಹೋಗೂರನ್ನ ಬಿಡೂದಿಲ್ಲ.”

“ನಾಳೆ ಕುಮಟಗಿಗೆ ಹೋಗಬೇಕು ಅಂತಿದ್ದೆ.”

“ಸಿಂದಗಿ ಹಾದಿಗೆ, ಇಪ್ಪತ್ತು ಕಿಲೋಮೀಟರ್ ಆಗಬಹುದು. ನಸುಕಿನಾಗ ಬಿಡ್ರಿ. ಆದಿಲ್‌ಶಾಹಿಗಳ ಬ್ಯಾಸಿಗಿ ಮನಿ. ಕೆರಿ ದಂಡಿಗೆ ನೀರಿನ ಮಹಲು, ಚಾವಣಿ ತೂತಿನಿಂದ ಮಳಿಯಂಗ ನೀರು ಉದುರೂ ವ್ಯವಸ್ಥಾ ಮಾಡಿದ್ರು. ಗ್ವಾಡಿ ಮ್ಯಾಲ ಚಿತ್ರ ಇದ್ದುವು, ಪೋಲೋ ಆಡೂದು, ಕುಸ್ತಿ. ಬಾಳ ಅಳಿಸ್ಯಾವ, ಕಣ್ಣು ಕಿರಿದು ಮಾಡಿ ನೋಡಬೇಕು. ಗಂಜ್ ನೋಡಿದವ್ರಿಗೆ ಕುಮಟಗಿ ತಾನ ತಿಳೀತೈತಿ. ಹನಿ ಹನಿ ಲೆಕ್ಕ ಹಾಕಿ ಊರಿಗೆ ನೀರು ತಂದ ರಾಜರು ಅಲ್ಲೆ ಹೋಗಿ ನೀರು ಚೆಲ್ಲಾಡಿದ್ರು.”

“ಇಷ್ಟೆಲ್ಲ ಇದ್ದೂ ಈ ಊರಲ್ಲಿ ಒಂದು ಬಾಡಿಗೆ ಸೈಕಲ್ ಅಂಗಡಿ ನನ್ನ ಕಣ್ಣಿಗೆ ಬೀಳಲಿಲ್ಲ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಶುರುವಾದಾಗ 450 ಸೈಕಲ್ ಇಟ್ಟಿದ್ರು, ಅದೂ ಏರಿಳಿತದ ಊರಲ್ಲಿ. ಇಲ್ಲಿ ಯಾಕಾಗಲಿಲ್ಲ?”

“ಮದಲ ಓಣಿಗೊಂದು ಅಂಗಡಿ ಇತ್ತು, ತಾಸಿನ ಲೆಕ್ಕದ ಬಾಡಗಿ. ನಾವೆಲ್ಲ ಅವುಗಳ ಮ್ಯಾಲ, ಬಾರಿನ ಕೆಳಗ ಕಾಲು ಹಾಕಿ ಒಳಗಾಲು ತುಳದು ಕಲತವ್ರು. ಈಗ ಪ್ರವಾಸೋದ್ಯಮ ಅಂದ್ರ ಇವರ ತಲ್ಯಾಗ ಬಸ್ ನಿಲ್ಲಿಸೂ ಜಾಗ, ಲೇಸರ್ ಶೋ. ನನ್ನ ಕೇಳಿದ್ರ ಗ್ವಾಡಿ ಸುತ್ತ ಹಾದಿ ಮಾಡ್ರಿ ಅಂತೀನಿ. ಹತ್ತ ಕಿಲೋಮೀಟರ್. ಡಾಂಬರ್ ಬ್ಯಾಡ, ದೀಪದ ಕಂಬ ಬ್ಯಾಡ.”

“ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವ ಹಾಗಿಲ್ಲ. ಕಾನೂನು ಅಡ್ಡ ಬರುತ್ತೆ.”

“ಕಟ್ಟೂದು ಬ್ಯಾಡ ಅಂತನ ನಾನೂ ಹೇಳೂದು. ಪುರಾತತ್ವದವರ ಒಪ್ಪಿಗಿ ತಗೊಂಡು ಕಸ ಎತ್ತಲಿ, ಜಾಲಿ ಕಡೀಲಿ, ಇದ್ದ ಕಾಲುಹಾದಿಗೆ ಮುರುಮ ಹಾಸ್ಲಿ. ಅಗಸಿ ಒಂದೊಂದರ ಹತ್ರ ಕುಡಿಯೂ ನೀರಿನ ನಳ ಇರ್ಲಿ. ಕರೇಜ್ ಕಿಂಡಿಗೆ ಕಲ್ಲಿನ ಕಟ್ಟಿ, ಗಂಜ್ ಬುಡದಾಗ ಅದು ಏನು ಅಂತ ಹೇಳೂ ಕನ್ನಡದ ಒಂದು ಫಲಕ. ಬಾಡಗಿ ಸೈಕಲ್ ಇಡೂ ಕೆಲಸ ಆ ವಸತಿ ನಿಲಯದಿಂದ ಹೊರಬಂದ ಹುಡುಗ-ಹುಡುಗ್ಯಾರಿಗೆ ಕೊಡ್ಲಿ, ಸೈಕಲ್ ಸಂಬಾಳಿಸೂದು ಅವರಿಗಿಂತ ಚಲೋ ಯಾರಿಗೆ ಗೊತ್ತು? ಇದಕ್ಕ ದೊಡ್ಡ ರೊಕ್ಕ ಬೇಕಾಗಿಲ್ಲ, ಮಹಾನಗರ ಪಾಲಿಕಿ ಮನಸ್ಸು ಮಾಡಬೇಕು.”

“ಅಲ್ಲಿವರೆಗೆ ಬರುವವರಿಗೆ ಏನು ಹೇಳಲಿ?”

“ತಮ್ಮ ಸೈಕಲ್ ತಾವ ತರ್ಲಿ ಅಂತ ಹೇಳ್ರಿ. ಡಿಸೆಂಬರ್‌ದಿಂದ ಫೆಬ್ರವರಿ ಒಳಗ ಬರ್ಲಿ, ಹೊತ್ತು ಹುಟ್ಟೂಕಿಂತ ಮುಂಚೆ ಹೊರಡ್ಲಿ, ಹನ್ನೊಂದಕ್ಕ ನೆಳ್ಳು ಹಿಡೀಲಿ. ಪಂಪು, ಪ್ಯಾಚು, ಎರಡು ಟ್ಯೂಬು, ಎರಡು ಲೀಟರ್ ನೀರು. ಊಟದ ಗಂಟು ಬ್ಯಾಡ, ಹೊಲದಾಗ ಸಿಗ್ತೈತಿ.”